ಸೋಗ್ನ್‌ದಾಲಿನ ‘ಶವಯಾತ್ರೆ’

ಕಲಾವಿದನ ಕೊನೆಯ ಕೃತಿಯೆಂದರೆ ನಮಗೆಲ್ಲ ಒಂದು ಬಗೆಯ ಮೋಹ. ಅವನು ಅದಕ್ಕೆ ಮೊದಲು ಮಾಡಿದ್ದನ್ನು ಮರೆತರೂ ಕಡೆಯದನ್ನು ಮರೆಯುವುದಿಲ್ಲ. ಅದರ ಸಾಲುಸಾಲಿನಲ್ಲಿಯೂ ಸಾವಿನ ನೆರಳನ್ನು ಹುಡುಕುತ್ತೇವೆ. ತೀರ ಸಾಮಾನ್ಯವಾದ ಮಾತನ್ನೂ ವಿದಾಯದ ಮಾತೆಂದು ಬಗೆಯುತ್ತೇವೆ. ಕೃತಿಯನ್ನು ರಚಿಸುವಾಗ ಅವನಿಗೆ ಗೊತ್ತಿಲ್ಲದೆ ಇದ್ದ ಸಂಗತಿಯೊಂದು ಅದನ್ನು ಸವಿಯುವಾಗ ನಮಗೆ ಗೊತ್ತಿರುತ್ತದೆ. ಈ ಅರಿವು ನಮಗೆ ನೆರವಾಗುತ್ತದೆಯೋ ಅಡ್ಡಬರುತ್ತದೆಯೋ ಎಂಬುದು ವಿಚಾರಮಾಡತಕ್ಕ ಪ್ರಶ್ನೆ. ನಾರ್ವೆ ದೇಶದ ‘ವಿಂಡಿರ್’ ಎಂಬ ಸಂಗೀತ ಮೇಳದ ಕಥೆ ಈ ಪ್ರಶ್ನೆಯನ್ನು ಬಹು ತೀಕ್ಷ್ಣವಾಗಿ ಎದುರಿಗಿಡುತ್ತದೆ.

ವಿಂಡಿರ್ ೧೯೯೪ರಲ್ಲಿ ಹುಟ್ಟಿತು. ಹುಟ್ಟಿಸಿದವನು ತೆರ್ಯೆ ಬಾಕ್ಕೆನ್. ಆಗ ಅವನಿಗೆ ಹದಿನಾರು ವರ್ಷ. ಮೇಳದಲ್ಲಿ ಅವನು ಇಟ್ಟುಕೊಂಡ ಹೆಸರು ವಾಲ್‌ಫಾರ್. ೨೦೦೩ರಲ್ಲಿ ಮೇಳದ ನಾಲ್ಕನೆಯ ಆಲ್ಬಮ್ ಹೊರಬಂದಿತು. ಅದರ ಹೆಸರು ‘ಲೀಕ್‌ಫೆರ್ಡ್’. ನಮ್ಮ ಮಾತಿನಲ್ಲಿ ಹೇಳುವುದಾದರೆ ‘ಶವಯಾತ್ರೆ’. ಮರುವರ್ಷದ ಜನವರಿಯಲ್ಲಿ ವಾಲ್‌ಫಾರ್ ಹಿಮಪಾತಕ್ಕೆ ಸಿಕ್ಕಿ ತೀರಿಕೊಂಡ. ವಯಸ್ಸು ಇಪ್ಪತ್ತೈದು. ಹೀಗೆ ‘ಶವಯಾತ್ರೆ’ಯೇ ಅವನ ಕೊನೆಯ ಆಲ್ಬಮ್ ಆಯಿತು. ಇಂಥ ಸಂದರ್ಭದಲ್ಲಿ ‘ಅವನಿಗೆ ಮೊದಲೇ ಗೊತ್ತಿತ್ತು’ ಎನ್ನುವ ಮಾತು ಹುಟ್ಟದೆ ಇದ್ದರೆ ಆಶ್ಚರ್ಯಪಡಬೇಕು. ಆದರೆ ಆ ಮಾತನ್ನು ಒಪ್ಪುವುದಕ್ಕೆ ಮೊದಲು ಆ ಮೇಳ ಯಾವ ನೆಲದಿಂದ ಬಂತು, ಏನನ್ನು ಹಾಡಿತು ಎಂಬುದನ್ನು ತಿಳಿಯುವುದು ನ್ಯಾಯ. ಅದಕ್ಕೆ ಎಂಟು ನೂರು ವರ್ಷಗಳಷ್ಟು ಹಿಂದಕ್ಕೆ ಹೋಗಬೇಕಾಗುತ್ತದೆ.

ಮೊದಲು ಈ ಸಂಗೀತದ ಜಾತಿಯನ್ನು ಕುರಿತು ಎರಡು ಮಾತು. ಇದನ್ನು ‘ಬ್ಲಾಕ್ ಮೆಟಲ್’ ಎಂದು ಕರೆಯುತ್ತಾರೆ. ಇಂಗ್ಲೆಂಡಿನ ವೆನಮ್ ಎಂಬ ಮೇಳ ೧೯೮೨ರಲ್ಲಿ ಹೊರತಂದ ಆಲ್ಬಮ್ಮಿನಿಂದ ಆ ಹೆಸರು ಬಂದಿತು. ವಿದ್ಯುತ್ ಗಿಟಾರಿನ ತಂತಿಯನ್ನು ಬಿಡುವಿಲ್ಲದೆ ಮೀಟುತ್ತ ಒಂದೇ ಸಮನೆ ಹರಿಯಿಸುವ ನಾದ, ಆಲಿಕಲ್ಲು ಸುರಿದಂತೆ ಬೀಳುವ ಡ್ರಮ್ಮಿನ ಪೆಟ್ಟು, ಹಾಡುವುದಕ್ಕಿಂತ ಚೀರುವುದಕ್ಕೆ ಹತ್ತಿರವಾದ ಕಂಠ: ಇವು ಇದರ ಲಕ್ಷಣಗಳು. ಮೊದಲ ಸಲ ಕೇಳಿದವರು ಕಿವಿ ಮುಚ್ಚಿಕೊಂಡರೆ ತಪ್ಪೆನ್ನಲಾಗದು. ಆದರೆ ಇದರ ಒಂದು ಕವಲಿನಲ್ಲಿ ಈ ಗದ್ದಲದ ಒಳಗಿನಿಂದಲೇ ದೀರ್ಘವಾದ, ವಿಷಾದ ತುಂಬಿದ ಸ್ವರಮಾಲೆಗಳು ಏಳುತ್ತವೆ. ಕಾಡು, ಮಂಜು, ಚಳಿಗಾಲದ ರಾತ್ರಿ ಕಣ್ಣೆದುರಿಗೆ ಬರುತ್ತವೆ. ವಾತಾವರಣವನ್ನು ಕಟ್ಟುವುದೇ ಈ ಕವಲಿನ ಗುರಿ. ವಿಂಡಿರ್ ಮೇಳದ ಸಂಗೀತ ಇದಕ್ಕೆ ಹತ್ತಿರವಾದದ್ದು. ಅದರೊಂದಿಗೆ ತಮ್ಮ ಸೀಮೆಯ ಜನಪದ ಮಟ್ಟುಗಳನ್ನೂ ಅಕಾರ್ಡಿಯನ್ನಿನ ದನಿಯನ್ನೂ ಅವರು ಬೆರೆಸಿದರು.

ಈ ಸಂಗೀತಕ್ಕೆ ಒಂದು ಕೆಟ್ಟ ಹೆಸರು ಉಂಟು. ಅದು ಸುಮ್ಮನೆ ಬಂದದ್ದೂ ಅಲ್ಲ. ತೊಂಬತ್ತರ ದಶಕದ ಆದಿಯಲ್ಲಿ ನಾರ್ವೆಯ ಬ್ಲಾಕ್ ಮೆಟಲ್ ವಲಯಕ್ಕೆ ಸೇರಿದ ಕೆಲವು ತರುಣರು ಚರ್ಚುಗಳಿಗೆ ಬೆಂಕಿಯಿಟ್ಟರು. ೧೯೯೩ರ ಆಗಸ್ಟಿನಲ್ಲಿ ಓಸ್ಲೋ ನಗರದಲ್ಲಿ ಆ ವಲಯದೊಳಗೇ ಒಂದು ಕೊಲೆಯೂ ನಡೆಯಿತು. ಬೆಂಕಿಗೆ ಮೊದಲು ಬಲಿಯಾದದ್ದು ಬೆರ್ಗೆನ್ ನಗರದ ಬಳಿಯ ಫಾಂಟೋಫ್ಟ್ ಚರ್ಚು. ೧೯೯೨ರ ಜೂನ್ ೬ರಂದು ಅದು ಸುಟ್ಟು ಬೂದಿಯಾಯಿತು. ಅದರ ಕರಿಕಟ್ಟಿದ ಅವಶೇಷದ ಛಾಯಾಚಿತ್ರ ಮರುವರ್ಷ ಒಂದು ಮುದ್ರಿಕೆಯ ಹೊದಿಕೆಯಾಗಿ ಬಂದಿತು. ಸುಟ್ಟದ್ದನ್ನು ಮೆರೆಸುವ ಈ ಮನೋವೃತ್ತಿಯನ್ನು ಏನೆಂದು ಕರೆಯಬೇಕು?

ಫಾಂಟೋಫ್ಟಿನದು ಸಾಮಾನ್ಯ ಕಟ್ಟಡವಾಗಿರಲಿಲ್ಲ. ನೆಟ್ಟನೆಯ ಮರದ ಕಂಬಗಳ ಮೇಲೆ ಇಡೀ ಭಾರವನ್ನು ಹೊರಿಸಿ, ಮೆಟ್ಟಿಲುಮೆಟ್ಟಿಲಾಗಿ ಮಾಡು ಏರಿಸಿ ಕಟ್ಟಿದ ಮಧ್ಯಯುಗದ ಚರ್ಚುಗಳು ನಾರ್ವೆಯಲ್ಲಿ ಕೆಲವೇ ಉಳಿದಿವೆ. ಆ ಜಾತಿಯದೇ ಆದ ಉರ್ನೆಸ್ ಚರ್ಚನ್ನು ಯುನೆಸ್ಕೋ ಸಂಸ್ಥೆ ೧೯೭೯ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಫಾಂಟೋಫ್ಟ್ ಚರ್ಚು ಮೊದಲು ನಿಂತದ್ದು ಫಾಂಟೋಫ್ಟಿನಲ್ಲಿ ಅಲ್ಲ. ೧೧೫೦ರ ಸುಮಾರಿಗೆ ಅದನ್ನು ಕಟ್ಟಿದ್ದು ಸೋಗ್ನ್ ಸೀಮೆಯ ಒಳಭಾಗದ ಫೋರ್ಟುನ್ ಎಂಬ ಹಳ್ಳಿಯಲ್ಲಿ. ಅದು ನೆಲಸಮವಾಗುವ ಕಾಲ ಬಂದಾಗ ಧನಿಕರೊಬ್ಬರು ಕೊಂಡು, ಬಿಡಿಬಿಡಿಯಾಗಿ ಬಿಚ್ಚಿಸಿ ಸಾಗಿಸಿ, ೧೮೮೩ರಲ್ಲಿ ಬೆರ್ಗೆನ್ನಿನ ಬಳಿ ಮರಳಿ ನಿಲ್ಲಿಸಿದರು. ಸೋಗ್ನ್ ಸೀಮೆಯ ಏಳೆಂಟು ನೂರು ವರ್ಷಗಳ ನೆನಪೊಂದು ಒಂದು ಬೆಳಗಿನ ಜಾವದಲ್ಲಿ ಉರಿದುಹೋಯಿತು ಎಂದಂತಾಯಿತು.

ವಿಂಡಿರ್ ಹುಟ್ಟಿದ್ದು ಅದೇ ಸೋಗ್ನ್ ಸೀಮೆಯಲ್ಲಿ. ಚರ್ಚು ಉರಿದ ಎರಡು ವರ್ಷಗಳ ಅನಂತರ. ಅದೇ ಬ್ಲಾಕ್ ಮೆಟಲ್ ಸಂಗೀತವನ್ನು ಕೈಗೆತ್ತಿಕೊಂಡು. ಆದರೆ ವಾಲ್‌ಫಾರ್ ಹಿಡಿದ ದಾರಿ ಬೇರೆ. ಅದೇ ಕರ್ಕಶ ಕಂಠದಿಂದ ಅವನು ತನ್ನ ಕಣಿವೆಯ ಹಳೆಯ ಕಥೆಗಳನ್ನು ಹಾಡಿದ. ಒಂದೇ ಕಬ್ಬಿಣದಿಂದ ಕೊಡಲಿಯನ್ನೂ ಮಾಡಬಹುದು, ನೇಗಿಲ ಕುಳವನ್ನೂ ಮಾಡಬಹುದು. ಸುಟ್ಟ ಚರ್ಚಿನ ಪ್ರತಿರೂಪವನ್ನು ಮತ್ತೆ ಕಟ್ಟಿ ಮುಗಿಸಿದ್ದು ೧೯೯೭ರಲ್ಲಿ. ವಿಂಡಿರ್ ಮೇಳದ ಮೊದಲ ಆಲ್ಬಮ್ ಹೊರಬಂದದ್ದೂ ಅದೇ ವರ್ಷ. ಅದಕ್ಕೆ ಇಟ್ಟ ಹೆಸರು ‘ಸೋಕ್ನರ್ದಾಲ್ರ್’. ಸೋಗ್ನ್‌ದಾಲ್ ಎಂಬ ಊರಿನ ಪ್ರಾಚೀನ ಹೆಸರು ಅದು. ಈ ಎರಡು ಘಟನೆಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ ನಿಜ. ಆದರೂ ಎರಡನ್ನೂ ಜೊತೆಯಲ್ಲಿಟ್ಟು ನೋಡಿದರೆ ಮನಸ್ಸಿಗೆ ಸಮಾಧಾನವಾಗುತ್ತದೆ.

ಸೋಗ್ನ್‌ದಾಲ್ ಇರುವುದು ಪಶ್ಚಿಮ ನಾರ್ವೆಯಲ್ಲಿ. ಬೆಟ್ಟಗಳನ್ನು ಸೀಳಿಕೊಂಡು ನಾಡಿನೊಳಕ್ಕೆ ನುಗ್ಗಿದ ಕಡಲಿನ ತೋಳನ್ನು ಅಲ್ಲಿಯವರು ಫ್ಯೋರ್ಡ್ ಎನ್ನುತ್ತಾರೆ. ಸೋಗ್ನ್ ಫ್ಯೋರ್ಡ್ ಸುಮಾರು ೨೦೦ ಕಿಲೋಮೀಟರು ಉದ್ದ. ೧೩೦೦ ಮೀಟರಿಗೂ ಮಿಕ್ಕಿದ ಆಳ. ನಾರ್ವೆಯ ಫ್ಯೋರ್ಡುಗಳಲ್ಲೆಲ್ಲ ದೊಡ್ಡದು ಇದೇ. ಅದರ ಒಂದು ಕವಲಿನ ದಂಡೆಯಲ್ಲಿ ಸೋಗ್ನ್‌ದಾಲ್ ಇದೆ. ಹಿಂದೆ ಬೆಟ್ಟ, ಮುಂದೆ ನೀರು. ರಸ್ತೆಗಳಿಲ್ಲದ ಕಾಲದಲ್ಲಿ ನೀರೇ ಹೆದ್ದಾರಿಯಾಗಿತ್ತು. ಮದುವೆಯ ದಿಬ್ಬಣವೂ ದೋಣಿಯಲ್ಲಿ, ಹೆಣವೂ ದೋಣಿಯಲ್ಲಿ. ಸಂತೆಗೆ ಹೋಗುವುದೂ ಯುದ್ಧಕ್ಕೆ ಹೋಗುವುದೂ ದೋಣಿಯಲ್ಲಿಯೇ.

ಆ ನೀರಿನ ಮೇಲೆಯೇ ನಾರ್ವೆಯ ಇತಿಹಾಸದ ಒಂದು ದೊಡ್ಡ ಜಗಳ ತೀರ್ಮಾನವಾಯಿತು. ಹನ್ನೆರಡನೆಯ ಶತಮಾನದಲ್ಲಿ ಆ ದೇಶದ ಸಿಂಹಾಸನಕ್ಕಾಗಿ ದಾಯಾದಿ ಕಲಹ ದೀರ್ಘಕಾಲ ನಡೆಯಿತು. ಮಾಗ್ನುಸ್ ಎರ್ಲಿಂಗ್ಸನ್ ಮಗುವಾಗಿದ್ದಾಗಲೇ ಕಿರೀಟ ಧರಿಸಿದವನು. ತಾಯಿಯ ಕಡೆಯಿಂದ ರಾಜವಂಶದವನು. ದೊಡ್ಡ ಮನೆತನಗಳೂ ಧರ್ಮಗುರುಗಳೂ ಅವನ ಪಕ್ಷ. ಎದುರಾಳಿ ಸ್ವೆರ್ರೆ ಫಾರೋ ದ್ವೀಪಗಳಲ್ಲಿ ಬೆಳೆದವನು. ತಾನು ಹಿಂದಿನ ರಾಜನೊಬ್ಬನ ಮಗನೆಂದು ಸಾರಿಕೊಂಡು ಬಂದವನು. ಅವನ ಬೆಂಬಲಿಗರನ್ನು ಜನ ‘ಬರ್ಚ್ ಕಾಲಿನವರು’ ಎಂದು ಹಾಸ್ಯಮಾಡುತ್ತಿದ್ದರಂತೆ. ಪಾದರಕ್ಷೆಗೆ ಗತಿಯಿಲ್ಲದೆ ಬರ್ಚ್ ಮರದ ತೊಗಟೆಯನ್ನು ಕಾಲಿಗೆ ಸುತ್ತಿಕೊಂಡವರು ಎಂಬುದು ಅದರ ಅರ್ಥ. ಹೀಗೆ ಹಾಸ್ಯಕ್ಕೆ ಗುರಿಯಾದವರೇ ಕಡೆಗೆ ರಾಜ್ಯವನ್ನು ಗೆದ್ದರು.

ಸೋಗ್ನ್‌ದಾಲಿನ ರೈತರು ಮಾಗ್ನುಸನ ಕಡೆ. ಸ್ವೆರ್ರೆ ತನ್ನ ಅಧಿಕಾರಿ ಈವಾರ್ ದಾರ್ರೆಯನ್ನು ಅಲ್ಲಿಗೆ ಕಳುಹಿಸಿದ. ಅಧಿಕಾರಿಗೂ ಅವನ ಪರಿವಾರಕ್ಕೂ ಕ್ರಿಸ್ಮಸ್ ಹಬ್ಬದ ಔತಣವನ್ನು ಊರವರೇ ಒದಗಿಸಬೇಕೆಂಬ ಒತ್ತಾಯ ಬಂದಿತು. ಬಲವಂತದ ಔತಣವನ್ನು ಯಾರು ತಾನೆ ಸಂತೋಷದಿಂದ ಬಡಿಸಿಯಾರು? ೧೧೮೩ರ ಆ ಹಬ್ಬದಲ್ಲಿ ಊರವರು ಅವನನ್ನು ಕೊಂದುಹಾಕಿದರು. ಮರುವರ್ಷದ ಬೇಸಗೆಯಲ್ಲಿ ಸ್ವೆರ್ರೆ ಹಡಗುಗಳೊಂದಿಗೆ ಬಂದು ಊರನ್ನು ಸುಟ್ಟ. ಮಾಗ್ನುಸನ ನೌಕಾಬಲ ಅಲ್ಲಿಗೇ ಬಂದು ಅವನನ್ನು ಎದುರಿಸಿತು.

೧೧೮೪ರ ಜೂನ್ ೧೫ರಂದು ಫಿಮ್ರೈಟೆಯ ಬಳಿ ಕಾಳಗ ನಡೆಯಿತು. ಹಡಗುಗಳ ಸಂಖ್ಯೆಯಲ್ಲಿ ಮಾಗ್ನುಸನದೇ ಮೇಲುಗೈ. ಆದರೆ ಸ್ವೆರ್ರೆಯ ಜನ ಒಂದು ಹಡಗನ್ನು ಹಿಡಿದು ತೆರವು ಮಾಡಿದಂತೆಲ್ಲ ಅದರಲ್ಲಿದ್ದವರು ಪಕ್ಕದ ಹಡಗಿಗೆ ನೆಗೆದರು, ಅಲ್ಲಿಂದ ಅದರಾಚೆಯದಕ್ಕೆ. ಭಾರ ತಾಳಲಾರದೆ ಹಡಗುಗಳು ಜನಸಮೇತ ಮುಳುಗಿದವು. ಕತ್ತಿಗೆ ಸಿಕ್ಕದವರನ್ನು ನೀರು ನುಂಗಿತು. ಸತ್ತವರು ಎರಡು ಸಾವಿರಕ್ಕೂ ಹೆಚ್ಚು ಎಂದು ಹಳೆಯ ಕಥನ ಹೇಳುತ್ತದೆ. ಮಾಗ್ನುಸನೂ ಸತ್ತ. ಸ್ವೆರ್ರೆ ನಿಷ್ಕಂಟಕನಾದ.

ಈ ವಿವರಗಳು ನಮಗೆ ಮುಖ್ಯವಾಗಿ ಸಿಗುವುದು ‘ಸ್ವೆರ್ರೆಯ ಸಾಗಾ’ ಎಂಬ ಗ್ರಂಥದಿಂದ. ಅದನ್ನು ಬರೆಯಲು ತೊಡಗಿದವನು ಐಸ್‌ಲೆಂಡಿನ ಮಠಾಧಿಪತಿ ಕಾರ್ಲ್ ಯೋನ್ಸನ್. ಅದರ ಮೊದಲ ಭಾಗವನ್ನು ಬರೆಯುವಾಗ ಸ್ವೆರ್ರೆ ರಾಜನೇ ಕುಳಿತು ಏನನ್ನು ಬರೆಯಬೇಕೆಂದು ನಿರ್ಣಯಿಸಿದನೆಂದು ಗ್ರಂಥದ ಮುನ್ನುಡಿಯೇ ಒಪ್ಪಿಕೊಳ್ಳುತ್ತದೆ. ಗೆದ್ದವನು ಎದುರಿಗೆ ಕುಳಿತು ಬರೆಯಿಸಿದ ಚರಿತ್ರೆ ಎಷ್ಟೇ ರಸವತ್ತಾಗಿರಲಿ, ಸೋತವರ ಒಡಲಿನ ಮಾತು ಅದರಲ್ಲಿ ಎಷ್ಟು ಇದ್ದೀತು?

ವಿಂಡಿರ್ ಈ ಜಾಗದಲ್ಲಿಯೇ ಕಾಲಿಟ್ಟಿತು. ೧೯೯೯ರಲ್ಲಿ ಬಂದ ಎರಡನೆಯ ಆಲ್ಬಮ್ ‘ಆರ್ನ್‌ತೋರ್’. ಸ್ವೆರ್ರೆಯ ವಿರುದ್ಧ ನಿಂತ ಸೋಗ್ನ್‌ದಾಲಿನ ಮುಖಂಡನ ಹೆಸರು ಅದು. ೨೦೦೧ರಲ್ಲಿ ಬಂದ ಮೂರನೆಯದರ ಹೆಸರು ಬರಿಯ ಒಂದು ಇಸವಿ: ‘೧೧೮೪’. ಎಂಟು ನೂರು ವರ್ಷಗಳ ಹಿಂದೆ ಸೋತವರ ಊರಿನ ತರುಣರು ಸೋತವರ ಪಕ್ಷದಿಂದ ಕಥೆಯನ್ನು ಮತ್ತೆ ಎತ್ತಿಕೊಂಡರು. ಇದು ಸಂಶೋಧನೆಯಲ್ಲ, ಇತಿಹಾಸದ ಪಂಡಿತರು ಇದನ್ನು ಆಧಾರವೆಂದು ಎಣಿಸಬೇಕಾಗಿಯೂ ಇಲ್ಲ. ಆರ್ನ್‌ತೋರ್ ಅವರ ಹಾಡಿನಲ್ಲಿ ವೀರನಾಗಿರುವುದು ಸಹಜ. ತಮ್ಮೂರಿನವನನ್ನು ಹೊಗಳುವಾಗ ತೂಕದ ಕಲ್ಲು ಹಿಡಿದು ಕೂರುವವರು ಯಾರು? ಆದರೆ ಒಂದು ಊರು ತನ್ನ ಸೋಲನ್ನು ಮರೆಯದೆ ಇಟ್ಟುಕೊಂಡಿದೆ ಎಂಬುದು ತಾನೇ ಒಂದು ಚಾರಿತ್ರಿಕ ಸಂಗತಿ. ಪಾಠದ ಪುಸ್ತಕದಲ್ಲಿ ಒಂದು ತಾರೀಖಾಗಿ ಬಿದ್ದಿದ್ದುದನ್ನು ಇವರು ದೂರದೇಶಗಳ ತರುಣರ ಬಾಯಲ್ಲಿಯೂ ಆಡಿಸಿದರು.

ಹಾಡಿದ ಭಾಷೆಯನ್ನು ಕುರಿತೂ ಹೇಳಬೇಕು. ನಾರ್ವೆ ನಾಲ್ಕು ಶತಮಾನಗಳಷ್ಟು ಕಾಲ ಡೆನ್ಮಾರ್ಕಿನ ಆಳ್ವಿಕೆಯಲ್ಲಿತ್ತು. ಬರವಣಿಗೆಯ ಭಾಷೆ ಡೇನಿಷ್ ಆಗಿಹೋಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಈವಾರ್ ಓಸೆನ್ ಎಂಬ ರೈತನ ಮಗ ಹಳ್ಳಿಹಳ್ಳಿ ತಿರುಗಿ ಜನರ ಆಡುಮಾತುಗಳನ್ನು ಸಂಗ್ರಹಿಸಿದ. ೧೮೪೮ರಲ್ಲಿ ವ್ಯಾಕರಣವನ್ನೂ ೧೮೫೦ರಲ್ಲಿ ನಿಘಂಟನ್ನೂ ಪ್ರಕಟಿಸಿದ. ಅವುಗಳ ತಳಹದಿಯ ಮೇಲೆ ಎದ್ದ ಹೊಸ ಬರಹದ ಭಾಷೆಗೆ ೧೮೮೫ರಲ್ಲಿ ಸಂಸತ್ತು ಸಮಾನ ಸ್ಥಾನ ಕೊಟ್ಟಿತು. ಇಂದು ಅದಕ್ಕೆ ನ್ಯೂನೋರ್ಸ್ಕ್ ಎಂದು ಹೆಸರು. ಸೋಗ್ನ್ ಸೀಮೆಯಲ್ಲಿ ಬಳಕೆಯಲ್ಲಿರುವುದು ಅದೇ. ವಾಲ್‌ಫಾರ್ ಅದಕ್ಕಿಂತಲೂ ಒಂದು ಹೆಜ್ಜೆ ಒಳಕ್ಕೆ ಹೋದ. ಮೊದಮೊದಲ ಹಾಡುಗಳನ್ನು ಅವನು ತನ್ನ ಸೀಮೆಯ ಆಡುನುಡಿಯಲ್ಲಿಯೇ ಬರೆದ. ಮುಂದೆ ಇಂಗ್ಲಿಷಿನಲ್ಲಿಯೂ ಬರೆದನಾದರೂ ಊರಿನ ನುಡಿಯನ್ನು ಕೈಬಿಡಲಿಲ್ಲ. ತಮ್ಮ ಸಂಗೀತಕ್ಕೆ ಈ ಮೇಳದವರು ಇಟ್ಟುಕೊಂಡ ಹೆಸರು ‘ಸೋಗ್ನ ಮೆಟಲ್’.

ಇನ್ನು ‘ಲೀಕ್‌ಫೆರ್ಡ್’ಗೆ ಬರೋಣ. ಮೊದಲೆರಡು ಆಲ್ಬಮ್ಮುಗಳು ಬಹುಮಟ್ಟಿಗೆ ವಾಲ್‌ಫಾರನೊಬ್ಬನ ಕೆಲಸ. ‘೧೧೮೪’ರಿಂದ ವಿಂಡಿರ್ ನಿಜವಾದ ಅರ್ಥದಲ್ಲಿ ಮೇಳವಾಯಿತು, ‘ಲೀಕ್‌ಫೆರ್ಡ್’ ಆ ಆರು ಜನರ ಎರಡನೆಯ ಕೃತಿ. ಅದರಲ್ಲಿ ಎಂಟು ಹಾಡುಗಳಿವೆ. ಗಿಟಾರುಗಳ ಮಾತು ಇಲ್ಲಿ ಹೆಚ್ಚು ಗಟ್ಟಿಯಾಗಿದೆ. ಚೀರುದನಿಯ ನಡುವೆ ತಿಳಿಯಾದ ಗಾಯನ ಅಲ್ಲಲ್ಲಿ ಕೇಳಿಬರುತ್ತದೆ. ಜನಪದದ ಮಟ್ಟು ಹೊದಿಕೆಯಂತೆ ಮೇಲೆ ಕಾಣದೆ ಎಳೆಯಂತೆ ಒಳಗೆ ಸೇರಿದೆ. ಒಟ್ಟಿನಲ್ಲಿ, ಹೊಸ ದಾರಿಗೆ ಆಗತಾನೆ ಕಾಲಿಟ್ಟವರ ಕೆಲಸ, ಮುಗಿಸುವವರ ಕೆಲಸವಲ್ಲ.

ಹಾಗಾದರೆ ಹೆಸರು? ‘ಶವಯಾತ್ರೆ’ ಎಂಬ ಮಾತು ವಾಲ್‌ಫಾರನ ಕನಸಿಗೆ ಬಂದದ್ದಲ್ಲ. ಆ ನೀರಿನ ದಂಡೆಯ ಹಳೆಯ ಮಾತು. ತೀಡೆಮಾನ್ ಮತ್ತು ಗೂಡೆ ಎಂಬ ನಾರ್ವೆಯ ಇಬ್ಬರು ಪ್ರಸಿದ್ಧ ಚಿತ್ರಕಾರರು ಜೊತೆಗೂಡಿ ೧೮೫೩ರಲ್ಲಿ ಬರೆದ ಚಿತ್ರಕ್ಕೆ ‘ಸೋಗ್ನ್ ಫ್ಯೋರ್ಡಿನಲ್ಲಿ ಶವಯಾತ್ರೆ’ ಎಂದೇ ಹೆಸರು. ಸತ್ತವರನ್ನು ದೋಣಿಯಲ್ಲಿ ಚರ್ಚಿಗೆ ಒಯ್ಯುವ ಆ ಸೀಮೆಯ ಪದ್ಧತಿಯೇ ಅದರ ವಸ್ತು. ಊರಿನ ಹೆಸರು, ಮುಖಂಡನ ಹೆಸರು, ಯುದ್ಧದ ಇಸವಿ: ಇವನ್ನು ಸಾಲಾಗಿ ಆಲ್ಬಮ್ಮುಗಳಿಗೆ ಇಟ್ಟುಕೊಂಡು ಬಂದ ಮೇಳ ನಾಲ್ಕನೆಯದಕ್ಕೆ ಊರಿನ ಇನ್ನೊಂದು ನೆನಪನ್ನು ಆರಿಸಿಕೊಂಡಿತು. ಅದರಲ್ಲಿ ಭವಿಷ್ಯವಾಣಿಯನ್ನು ಕಾಣುವುದಕ್ಕೆ ಕಾರಣವೇ ಇಲ್ಲ.

ಆ ಆಲ್ಬಮ್ಮಿನಲ್ಲಿ ‘ಡೌಡೆನ್’, ಎಂದರೆ ‘ಸಾವು’, ಎಂಬ ಹಾಡೂ ಉಂಟಲ್ಲವೆ ಎಂದು ಕೆಲವರು ಕೇಳಬಹುದು. ಉಂಟು. ಆದರೆ ಅದಕ್ಕೆ ಎರಡು ವರ್ಷ ಮೊದಲು ಬಂದ ‘೧೧೮೪’ರ ಕಡೆಯ ಹಾಡಿನ ಹೆಸರೂ ‘ಅಂತ್ಯದೆಡೆಗೆ ಪಯಣ’ ಎಂಬರ್ಥದ್ದೇ. ಆಗ ಯಾರೂ ಅದನ್ನು ಶಕುನವೆಂದು ಓದಲಿಲ್ಲ. ಓದುವುದಕ್ಕೆ ಏನೂ ನಡೆದಿರಲಿಲ್ಲ. ಈ ಜಾತಿಯ ಸಂಗೀತದಲ್ಲಿ ಸಾವಿನ ಮಾತು ಶೃಂಗಾರಕಾವ್ಯದಲ್ಲಿ ಚಂದ್ರನಿದ್ದಂತೆ. ಇರದಿದ್ದರೆ ಆಶ್ಚರ್ಯ, ಇದ್ದರೆ ಅಲ್ಲ.

ನಡೆದದ್ದು ಇಷ್ಟು. ೨೦೦೪ರ ಜನವರಿ ೧೪ರಂದು ವಾಲ್‌ಫಾರ್ ಫಾಗೆರೆಗ್ಗಿ ಎಂಬಲ್ಲಿದ್ದ ತನ್ನ ಕುಟುಂಬದ ಬೆಟ್ಟದ ಮನೆಗೆ ನಡೆದು ಹೊರಟ. ನಾರ್ವೆಯವರಿಗೆ ಇದೊಂದು ಸಾಹಸವಲ್ಲ. ಬೆಟ್ಟದ ಮನೆಗೆ ಹೋಗಿ ಬರುವುದು ಅವರ ಬಾಳಿನ ರೂಢಿ. ದಾರಿಯಲ್ಲಿ ಹಿಮದ ಬಿರುಗಾಳಿ ಎದ್ದಿತು. ಅವನು ಮನೆಯನ್ನು ಮುಟ್ಟಲಿಲ್ಲ. ಮೂರು ದಿನಗಳ ಅನಂತರ ಸೋಗ್ನ್‌ದಾಲಿನ ಕಣಿವೆಯಲ್ಲಿ ಅವನ ದೇಹ ಸಿಕ್ಕಿತು. ಚಳಿಯಿಂದ ಮೈಶಾಖ ಇಳಿದು ಪ್ರಾಣ ಹೋಗಿತ್ತು. ಅವನು ಹಾಡಿದ ಬೆಟ್ಟ, ಅವನು ಹಾಡಿದ ಹಿಮ. ಆದರೆ ಬೆಟ್ಟಕ್ಕೆ ಹಾಡಿನ ಅರಿವಿಲ್ಲ.

ಮೇಳದ ಉಳಿದವರ ಮುಂದೆ ಎರಡು ದಾರಿಗಳಿದ್ದವು. ಬೇರೊಬ್ಬ ಗಾಯಕನನ್ನು ಕರೆತಂದು ಅದೇ ಹೆಸರಿನಲ್ಲಿ ಮುಂದುವರಿಯಬಹುದಾಗಿತ್ತು, ಅಥವಾ ನಿಲ್ಲಿಸಬಹುದಾಗಿತ್ತು. ಅವರು ನಿಲ್ಲಿಸಿದರು. ೨೦೦೪ರ ಸೆಪ್ಟೆಂಬರ್ ೩ರಂದು, ಬದುಕಿದ್ದರೆ ವಾಲ್‌ಫಾರನಿಗೆ ಇಪ್ಪತ್ತಾರು ತುಂಬುತ್ತಿದ್ದ ದಿನ, ಓಸ್ಲೋ ನಗರದ ರಾಕ್‌ಫೆಲರ್ ಸಭಾಂಗಣದಲ್ಲಿ ಬೀಳ್ಕೊಡುಗೆಯ ಕಚೇರಿ ನಡೆಯಿತು. ಹಳೆಯ ಮುದ್ರಿಕೆಗಳನ್ನೂ ಬಿಡಿ ಹಾಡುಗಳನ್ನೂ ಸೇರಿಸಿ ‘ವಾಲ್‌ಫಾರ್, ಒಬ್ಬ ವಿಂಡಿರ್’ ಎಂಬರ್ಥದ ಸ್ಮಾರಕ ಸಂಕಲನವೊಂದನ್ನು ಅದೇ ವರ್ಷ ಹೊರತಂದರು. ವಿಂಡಿರ್ ಎಂದರೆ ಆದಿಮ ಯೋಧ. ಅನಂತರ ಮೂವರು ಸೇರಿ ‘ವ್ರೈಡ್’ ಎಂಬ ಹೊಸ ಮೇಳ ಕಟ್ಟಿದರು. ‘ಕೋರ್ ಸ್ಕಾರ್ಪಿ’ ಎಂಬ ಇನ್ನೊಂದು ಮೇಳವೂ ವಿಂಡಿರಿನವರಿಂದಲೇ ಹುಟ್ಟಿತು. ಸಂಗೀತ ನಿಲ್ಲಲಿಲ್ಲ, ಹೆಸರನ್ನು ಮಾತ್ರ ಗೌರವದಿಂದ ಎತ್ತಿಟ್ಟರು.

ಕೊನೆಯ ಕೃತಿಗಳಲ್ಲಿ ಎರಡು ಬಗೆ. ಕೊನೆಯದೆಂದು ತಿಳಿದೇ ಮಾಡಿದವು ಒಂದು ಬಗೆ. ನಾರ್ವೆಯದೇ ಆದ ‘ಎಂಪರರ್’ ಮೇಳ ೨೦೦೧ರಲ್ಲಿ ಪ್ರೊಮಿಥಿಯಸ್ಸನನ್ನು ವಸ್ತುವಾಗಿಟ್ಟುಕೊಂಡ ಆಲ್ಬಮನ್ನು ಕೊಟ್ಟು ತಾನಾಗಿಯೇ ಕೆಲಸ ಮುಗಿಸಿತು. ಜರ್ಮನಿಯ ‘ಲೂನಾರ್ ಅರೋರಾ’ ಎಂಬ ಹಿರಿಯ ಮೇಳ ೨೦೧೨ರಲ್ಲಿ ತನ್ನ ಕಡೆಯ ಆಲ್ಬಮನ್ನು ಬವೇರಿಯ ಸೀಮೆಯ ಆಡುಮಾತಿನಲ್ಲಿ ಹಾಡಿತು. ಇಂಥವುಗಳಲ್ಲಿ ಅಂತ್ಯದ ಧ್ವನಿಯನ್ನು ಹುಡುಕಿದರೆ ತಪ್ಪಿಲ್ಲ. ವಿಧಿ ನಡುವೆ ಬಂದು ಕೊನೆಯದಾಗಿ ಮಾಡಿದವು ಇನ್ನೊಂದು ಬಗೆ. ಸ್ವೀಡನ್ನಿನ ‘ಬಾಥೊರಿ’ಯ ಸ್ಥಾಪಕ ಕ್ವೋರ್‌ಥಾನ್ ೨೦೦೪ರ ಜೂನಿನಲ್ಲಿ ಮೂವತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಹಿಂದಿನ ವರ್ಷದ ಅವನ ಆಲ್ಬಮ್ ಕೊನೆಯದಾಗಿ ಉಳಿಯಿತು. ‘ಲೀಕ್‌ಫೆರ್ಡ್’ ಈ ಎರಡನೆಯ ಬಗೆಗೆ ಸೇರಿದ್ದು. ಅದನ್ನು ಮೊದಲನೆಯ ಬಗೆಯದೆಂದು ತಿಳಿದು ಕೇಳುವುದು ಆ ತರುಣನಿಗೆ ಮಾಡುವ ಅನ್ಯಾಯ.

ಅನ್ಯಾಯವೆಂಬುದು ದೊಡ್ಡ ಮಾತಾಯಿತೆ? ಇಲ್ಲವೆಂದು ತೋರುತ್ತದೆ. ಅಕಾಲದಲ್ಲಿ ಸತ್ತವನನ್ನು ಪ್ರವಾದಿಯನ್ನಾಗಿ ಮಾಡಿದರೆ ನಮ್ಮ ದುಃಖಕ್ಕೆ ಒಂದು ಅರ್ಥ ಸಿಕ್ಕಿದಂತಾಗುತ್ತದೆ. ಅವನು ಕಾಯುತ್ತಿದ್ದ, ಅದು ಬಂದಿತು ಎಂದುಕೊಂಡರೆ ಮನಸ್ಸಿಗೆ ಹಗುರ. ಆದರೆ ಹೀಗೆ ಹಗುರಮಾಡಿಕೊಳ್ಳುವಾಗ ಅವನಿಂದ ನಾವು ಕಸಿದುಕೊಳ್ಳುವುದು ಅವನ ಮುಂದಿನ ದಿನಗಳನ್ನು. ಅವನಿಗೆ ಐದನೆಯ ಆಲ್ಬಮ್ ಇರಲಿಲ್ಲವೆಂಬ ನಷ್ಟವೇ ನಮ್ಮ ಕಣ್ಣಿನಿಂದ ಮರೆಯಾಗುತ್ತದೆ. ಫಿಮ್ರೈಟೆಯ ನೀರಿನಲ್ಲಿ ಮುಳುಗಿದವರಿಗೂ ಅಂದಿನ ಬೆಳಗ್ಗೆ ತಮ್ಮದು ಕಡೆಯ ಹಗಲೆಂದು ಗೊತ್ತಿರಲಿಲ್ಲ. ಹೆಚ್ಚು ಹಡಗುಗಳಿದ್ದ ಪಕ್ಷ ಅವರದು. ಚರಿತ್ರೆಯನ್ನು ಓದುವವನು ಕಲಿಯಬೇಕಾದ ಮೊದಲ ಪಾಠವೇ ಇದು: ಮುಂದಾದದ್ದನ್ನು ಹಿಂದಿನವರ ತಲೆಗೆ ಕಟ್ಟಬಾರದು.

ವಾಲ್‌ಫಾರನಿಗೆ ತಿಳಿದಿದ್ದದ್ದು ತನ್ನ ಭವಿಷ್ಯವಲ್ಲ, ತನ್ನ ಊರಿನ ಭೂತಕಾಲ. ಅಷ್ಟನ್ನು ಅವನು ಚೆನ್ನಾಗಿ ತಿಳಿದುಕೊಂಡಿದ್ದ. ತನಗೆ ಒಲಿದ ಒರಟು ದನಿಯಲ್ಲಿ ನಾಲ್ಕು ಸಲ ಹೇಳಿದ. ‘ಶವಯಾತ್ರೆ’ಯನ್ನು ಅವನ ಸಾವಿನ ಸುದ್ದಿಯಾಗಿ ಕೇಳದೆ ಸೋಗ್ನ್‌ದಾಲಿನ ಕಥೆಯ ನಾಲ್ಕನೆಯ ಅಧ್ಯಾಯವಾಗಿ ಕೇಳಿದರೆ, ಅದರಲ್ಲಿ ದುಡಿಮೆಯ ಹುರುಪು ತುಂಬಿದ ಒಬ್ಬ ತರುಣನ ದನಿ ಕೇಳಿಸುತ್ತದೆ. ಐದನೆಯ ಅಧ್ಯಾಯ ಬರಲಿಲ್ಲವಲ್ಲ ಎಂದು ಆಗ ನಿಜವಾಗಿಯೂ ದುಃಖವಾಗುತ್ತದೆ.